ಕಲ್ಲಿಲ್ಲದವರಿಗೂ ಒಂದು ಮಾತು

ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ನನ್ನ ಮೂರು ತಿಂಗಳ ಮಗಳನ್ನು ಒಬ್ಬ ಹೆಂಗಸಿನ ಕೈಗೆ ಕೊಟ್ಟೆ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ನನ್ನ ಕೆಲಸ ಕಾರಣ. ಆಕ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನಾನು ನವಜಾತ ಶಿಶುಗಳ ವಾರ್ಡಿನ ನರ್ಸ್. ಮಗು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಗಡಿಯಾರ ನೋಡುವುದು, ಕೈಪಟ್ಟಿಯ ಹೆಸರನ್ನು ಎರಡು ಸಲ ಓದುವುದು ನನಗೆ ಉಸಿರಾಟದಷ್ಟೇ ರೂಢಿ. ಅವತ್ತೂ ಗಡಿಯಾರ ನೋಡಿದೆ. ಆ ಹೆಂಗಸಿನ ಮುಖವನ್ನು ಮಾತ್ರ ನೋಡಲಿಲ್ಲ.

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಕಲಿಯುವಾಗ ಹಾಸ್ಟೆಲಿನ ಹುಡುಗಿಯರು ಇಂತಿಂಥ ವಾರ್ಡಿನ ಇಂತಿಂಥ ಹಾಸಿಗೆ ಸರಿಯಿಲ್ಲ ಎನ್ನುತ್ತಿದ್ದರು. ನಾನು ಅದೇ ಹಾಸಿಗೆಯ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದೆ. ಇಲ್ಲಿಗೆ ಬಂದ ಮೇಲೆ, ಸಾವಾದ ಕೋಣೆಯಲ್ಲಿ ಪ್ರಾರ್ಥನೆ ಮಾಡಿಸದೆ ಮುಂದಿನ ರೋಗಿಯನ್ನು ಒಳಗೆ ಬಿಡದ, ಈ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಪದ್ಧತಿಯನ್ನು ಕಂಡೆ. ತಲೆ ತಗ್ಗಿಸಿ ನಿಲ್ಲುತ್ತಿದ್ದೆ, ಮರ್ಯಾದೆಗಾಗಿ. ನಮ್ಮದು ಗದಗ ಬೆಟಗೇರಿ ಕಡೆಯ ಕ್ರೈಸ್ತ ಮನೆತನ. ದೇವರಲ್ಲಿ ನಂಬಿಕೆ ಇತ್ತು, ಇದೆ. ಸತ್ತವರು ಎದ್ದು ಓಡಾಡುತ್ತಾರೆ ಎಂಬುದರಲ್ಲಿ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆಗ ನಾವು ಪಾಪಟೋಟೊಯಿ ಎಂಬ ಬಡಾವಣೆಯಲ್ಲಿ ಬಾಡಿಗೆಗೆ ಇದ್ದೆವು. ನನ್ನ ಗಂಡ ಅನಿಲ ವಿಮಾನಗಳ ರಿಪೇರಿ ವಿಭಾಗದಲ್ಲಿ ಇಂಜಿನಿಯರ್. ವಾರದಲ್ಲಿ ಮೂರು ರಾತ್ರಿ ಪಾಳಿ. ಮಗಳು ರೂತ್ ಹುಟ್ಟಿದಾಗ ಬಾಣಂತನಕ್ಕೆಂದು ಅತ್ತೆ ಬೆಟಗೇರಿಯಿಂದ ಬಂದರು. ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು, ಗಟ್ಟಿ ದನಿಯವರು. ಕೈಚೀಲದಲ್ಲಿ ಅವರು ಯಾರಿಗೂ ಮುಟ್ಟಗೊಡದೆ ತಂದದ್ದು ಒಂದು ಬಿಳಿ ಮಲ್ಲಿನ ಅಂಗಿ. ಅವರ ಅಜ್ಜಿ ಹೊಲಿದದ್ದು. ಮನೆತನದ ನಾಲ್ಕು ತಲೆಮಾರಿನ ಮಕ್ಕಳು ಅದನ್ನೇ ತೊಟ್ಟು ದೀಕ್ಷಾಸ್ನಾನ ಪಡೆದಿದ್ದರು. ಬೆಟಗೇರಿಯಲ್ಲಿ ಯಾರದೇ ಮದುವೆ, ಸಾವು ಬಂದರೂ ಅದರ ಮಾತು ಬಾರದೆ ಇರುತ್ತಿರಲಿಲ್ಲ.

ನಾವು ಹೋಗುತ್ತಿದ್ದ ಚರ್ಚು ಹಳೆಯದು. ಇಂಗ್ಲೆಂಡಿನಿಂದ ಬಂದ ವಲಸಿಗರು ತಮ್ಮ ಊರಿನ ಚರ್ಚನ್ನು ನೆನಪಿಟ್ಟುಕೊಂಡು ಮರದಲ್ಲಿ ಕಟ್ಟಿದ್ದು. ಒಳಗೋಡೆಯ ತುಂಬ ಅವರ ಮನೆತನಗಳ ನೆನಪಿನ ಫಲಕಗಳು. ಸುತ್ತ ಸಮಾಧಿಗಳು, ಹಿಂದೆ ತಂತಿಬೇಲಿ, ಬೇಲಿಯಾಚೆ ಐದಾರು ಹೆಜ್ಜೆ ಅಗಲದ ಹುಲ್ಲಿನ ಪಟ್ಟಿ. ಅದರ ಅಂಚು ಕುಸಿದು ಕೆಳಗೆ ಒಂದು ತೊರೆ. ಮನುಕಾವ್ ಕೊಲ್ಲಿಯ ಉಬ್ಬರ ಅದರೊಳಗೆ ಬಂದು ಹೋಗುತ್ತದೆ. ಇಳಿದಾಗ ಬರೀ ಕೆಸರು. ಏರಿದಾಗ ಆಳು ಮುಳುಗುವಷ್ಟು ನೀರು.

ಅದು ಈಸ್ಟರ್ ಮುಗಿದ ಮೇಲಿನ ಭಾನುವಾರ. ಇಲ್ಲಿ ಆಗ ಚಳಿಗಾಲದ ಹೊಸ್ತಿಲು, ಕುಳಿರ್ಗಾಳಿಗೆ ಬೆರಳು ಸೆಟೆಯುತ್ತಿತ್ತು. ಬೆಳಗಿನ ಆರಾಧನೆಯಲ್ಲಿ ಚರ್ಚಿನ ಪಾದ್ರಿ, ವಿಕಾರ್ ಅಮ್ಮನವರು, ರೂತಳ ಹಣೆಗೆ ಮೂರು ಸಲ ನೀರು ಹಾಕಿ, ದೊಡ್ಡ ಪುಸ್ತಕದಲ್ಲಿ ಹೆಸರು ಬರೆದರು. ಕೂಸು ಅಳಲಿಲ್ಲ. ಅತ್ತೆ ಮಾತ್ರ ಅತ್ತರು. ಆಮೇಲೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ, ಅಂದರೆ ಹಾಲಿನಲ್ಲಿ, ಊಟ. ನಾವೇ ಮಾಡಿಕೊಂಡು ಹೋದ ಚಿಕನ್ ಪಲಾವು, ಸೌತೆಕಾಯಿ ಮೊಸರು, ಗೋದಿ ಪಾಯಸ. ಕನ್ನಡದವರು ಮೂವತ್ತು ಮಂದಿ, ಚರ್ಚಿನ ಇಲ್ಲಿಯವರೇ ಆದ ಬಿಳಿ ಜನ ಇಪ್ಪತ್ತು. ಚರ್ಚಿನ ಬೀಗದ ಕೈ, ಹಳೆಯ ದಾಖಲೆ ನೋಡಿಕೊಳ್ಳುವ ಬಿಲ್ ಎಂಬ ಎಂಬತ್ತರ ಮುದುಕರು ಪಲಾವಿನ ಮೆಣಸಿನಕಾಯಿ ಕಚ್ಚಿ ಕಣ್ಣೀರು ಸುರಿಸುತ್ತಿದ್ದರೆ, ಮೈಸೂರಿನ ನನ್ನ ಗೆಳತಿ ಶ್ವೇತಾ ಮೊಸರು ಹಿಡಿದು ಅವರ ಹಿಂದೆ ಓಡುತ್ತಿದ್ದಳು.

"ಅಂಕಲ್‌ಗೂ ಇವತ್ತೇ ದೀಕ್ಷೆ ಆಯ್ತು ಕಣೇ," ಎಂದು ನಗಿಸಿದಳು.

ನಮ್ಮ ಸಮಾರಂಭಗಳಲ್ಲಿ ಕೂಸು ಒಂದು ಕಡೆ ಇರುವುದಿಲ್ಲ, ಕೈಯಿಂದ ಕೈಗೆ ತೇಲುತ್ತ ಇರುತ್ತದೆ. ಎಲ್ಲಿ ಎಂದು ಕೇಳಿದರೆ "ಯಾರ ಹತ್ರನೋ ಐತಿ" ಎಂಬುದೇ ಉತ್ತರ, ಅದರಲ್ಲಿ ಯಾರಿಗೂ ಅಳುಕಿಲ್ಲ. ಇಲ್ಲಿ ಅದಕ್ಕೆ ಇನ್ನೊಂದು ಸೇರಿಕೊಂಡಿದೆ: ವಯಸ್ಸಾದ ಯಾವ ಹೆಂಗಸಾದರೂ ನಮಗೆ ಆಂಟಿ. ಆಂಟಿ ಎಂದ ಮೇಲೆ ಹೆಸರು ಕೇಳುವ ಮಾತೇ ಇಲ್ಲ.

ನಾನು ಕೂಸನ್ನು ಎತ್ತಿಕೊಂಡೇ ತಟ್ಟೆ ಹಿಡಿಯಲು ಒದ್ದಾಡುತ್ತಿದ್ದೆ. ಆಗ ಬಲಗಡೆಯಿಂದ ಎರಡು ಕೈ ಬಂದವು. ಮೊಣಕೈವರೆಗೂ ಒದ್ದೆಯಾಗಿದ್ದವು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು ಬಂದರೆಂದುಕೊಂಡೆ. ಒಂದು ಕೈ ಕೂಸಿನ ಕತ್ತಿನ ಕೆಳಗೆ, ಒಂದು ಸೊಂಟದ ಕೆಳಗೆ, ಹತ್ತಾರು ಮಕ್ಕಳನ್ನು ಎತ್ತಿದವರ ಹಿಡಿತ. "ತಾ ಇಲ್ಲೆ, ಆರೂದಕ್ಕ ಮೊದಲ ಉಣ್ಣು ಹೋಗು," ಎಂದಿತು ದನಿ. "ಥ್ಯಾಂಕ್ಸ್ ಆಂಟಿ," ಎಂದು ಕೊಟ್ಟೆ. ಗೋಡೆ ಗಡಿಯಾರ ನೋಡಿದೆ. ಉಣ್ಣಲು ಹೋದೆ.

ಹದಿನೈದು ನಿಮಿಷದ ಮೇಲೆ ಅನಿಲ ಬಂದ. "ಕೂಸು ಎಲ್ಲೈತಿ?"

"ಯಾರ ಹತ್ರನೋ ಐತಿ."

"ನಾ ನಿನ್ನ ಹತ್ರ ಐತಿ ಅನಕೊಂಡಿದ್ದೆ."

ಅತ್ತೆಯ ಹತ್ತಿರ ಇರಲಿಲ್ಲ. ಶ್ವೇತಾಳ ಹತ್ತಿರ ಇರಲಿಲ್ಲ. ಆಗಲೂ ನಾನು ನಗುತ್ತಲೇ ಇದ್ದೆ. ಹಾಲಿನ ಒಬ್ಬೊಬ್ಬರ ತೋಳು ನೋಡುತ್ತ ಅಡುಗೆಮನೆಗೆ ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಸಿಂಕು ಒಣಗಿತ್ತು. ಪಾತ್ರೆ ತೊಳೆಯಲು ಯಾರೂ ಇನ್ನೂ ಶುರುಮಾಡಿರಲಿಲ್ಲ. ಅವಳ ಹೆಸರು ಕೂಗುತ್ತ ಹೊರಗೆ ಓಡಿದೆ.

ಮುಂದಿನ ಅರ್ಧ ಗಂಟೆಯನ್ನು ನಾನು ಸಾವಿರ ಸಲ ಮತ್ತೆ ನಡೆದಿದ್ದೇನೆ. ಚರ್ಚಿಗೆ ಬೀಗ ಹಾಕಿತ್ತು, ಬಿಲ್ ತೆಗೆದರು, ಬೆಂಚುಗಳ ಕೆಳಗೆಲ್ಲ ನೋಡಿದೆವು. ಕಾರುಗಳು, ಕಕ್ಕಸು, ಬಟ್ಟೆಗಳ ಬೀರು. ಶ್ವೇತಾ ಪೊಲೀಸರಿಗೆ ಫೋನು ಮಾಡಿದಳು. ಅನಿಲ ರಸ್ತೆಯ ಆ ತುದಿಯವರೆಗೆ ಓಡಿ ಬರಿಗೈಯಲ್ಲಿ ಬಂದ. ಉಬ್ಬರ ಏರಿತ್ತು. ಯಾರೋ ತೊರೆಯ ಕಡೆ ಕೈ ತೋರಿಸಿದರು, ಯಾರೋ ಆ ಕೈಯನ್ನು ಕೆಳಗೆ ಎಳೆದರು. ನಾನು ಅದನ್ನು ನೋಡಿದೆ. ಅತ್ತೆ ಸಮಾಧಿಗಳ ನಡುವೆ ಮಂಡಿಯೂರಿ "ಕರ್ತನೇ, ಕರ್ತನೇ" ಎಂದು ಮಣ್ಣು ಬಡಿಯುತ್ತಿದ್ದರು.

ಒಂದು ಗಂಟೆ ಐದು ನಿಮಿಷಕ್ಕೆ ಬಿಲ್ ಕೂಗಿದರು.

ಬೇಲಿಯಾಚೆಯ ಆ ಹುಲ್ಲಿನ ಪಟ್ಟಿಯಲ್ಲಿ, ಕುಸಿದ ಅಂಚಿನಿಂದ ಒಂದು ಮೊಳ ಈಚೆಗೆ ರೂತ್ ಮಲಗಿದ್ದಳು. ಕೆಳಗೆ ನೀರು ಮಣ್ಣನ್ನು ನೆಕ್ಕುತ್ತಿತ್ತು. ಅವಳು ಒಮ್ಮೆ ಒದ್ದಾಡಿ ಮಗ್ಗುಲಾಗಿದ್ದರೆ ಮುಗಿಯುತ್ತಿತ್ತು. ಆದರೆ ಒದ್ದಾಡಲು ಆಗುತ್ತಿರಲಿಲ್ಲ. ಅವಳದೇ ಕಂಬಳಿಯಲ್ಲಿ ಕೈಕಾಲು ಅಲುಗದ ಹಾಗೆ ಬಿಗಿಯಾಗಿ ಸುತ್ತಿತ್ತು. ನಾವು ವಾರ್ಡಿನಲ್ಲಿ ಸುತ್ತುವ ಕ್ರಮ ಅದಲ್ಲ. ಅಂಥ ಸುತ್ತನ್ನು ನಾನು ಎಲ್ಲೂ ಕಂಡಿಲ್ಲ. ಎತ್ತಿಕೊಂಡು ಉಸಿರು ಎಣಿಸಿದೆ, ನಿಮಿಷಕ್ಕೆ ಮೂವತ್ತಾರು, ಇರಬೇಕಾದಷ್ಟೇ. ತುಟಿಯ ಬಣ್ಣ ಸರಿಯಿತ್ತು. ಆ ಗಾಳಿಯಲ್ಲಿ, ಆ ಹಸಿ ಹುಲ್ಲಿನ ಮೇಲೆ, ಮೈ ಬೆಚ್ಚಗಿತ್ತು, ಈಗ ತಾನೇ ಯಾರೋ ಎದೆಯಿಂದ ಕೆಳಗಿಟ್ಟ ಹಾಗೆ. ಕಂಬಳಿಯ ಕೆಳಭಾಗ ಒಣಗಿತ್ತು. ಹಣೆ ಒದ್ದೆಯಾಗಿತ್ತು. ನಿದ್ದೆ ಮಾಡುತ್ತಿದ್ದಳು.

ಕಂಬಳಿ ಬಿಚ್ಚಿದಾಗ ಮೈಮೇಲೆ ಅಂಗಿ ಇರಲಿಲ್ಲ. ಆ ಬಿಳಿ ಅಂಗಿ ಇವತ್ತಿಗೂ ಸಿಕ್ಕಿಲ್ಲ.

ಆ ಜಾಗವನ್ನು ಅದಕ್ಕೆ ಮೊದಲೇ ಎರಡು ಸಲ ನೋಡಿದ್ದೆ, ಏನೂ ಇರಲಿಲ್ಲ ಎಂದು ಬಿಲ್ ಪೊಲೀಸರ ಮುಂದೆ ಹೇಳಿದರು.

ಪೊಲೀಸರು ಒಳ್ಳೆಯವರು. ಹತ್ತಿರದ ವೃದ್ಧಾಶ್ರಮಗಳಲ್ಲಿ ವಿಚಾರಿಸಿದರು. ಮರೆವಿನ ಕಾಯಿಲೆಯ ಯಾರೋ ಅಡ್ಡಾಡುತ್ತ ಬಂದಿರಬಹುದು ಎಂಬುದು ಅವರ ಊಹೆ. ಯಾರೂ ಎಲ್ಲಿಂದಲೂ ತಪ್ಪಿಸಿಕೊಂಡಿರಲಿಲ್ಲ. ಆ ಹೆಂಗಸನ್ನು ಕಂಡವರು ನಾನು ಬಿಟ್ಟು ಇಬ್ಬರು. "ಚರ್ಚಿನೋರೇ ಅಂದ್ಕೊಂಡೆ ಕಣೇ, ಬೂದಿ ಬಣ್ಣದ ಕಾರ್ಡಿಗನ್. ಮಗು ಎತ್ಕೊಂಡು ಬಾಗಿಲ ಹತ್ರ ನಿಂತಿದ್ರು. ಹಾಯ್ ಆಂಟಿ ಅಂದೆ, ಇಂಗ್ಲಿಷಲ್ಲಿ ಏನೋ ಅಂದ್ರು," ಎಂದಳು ಶ್ವೇತಾ. ಬಿಲ್ ಹೇಳಿದ್ದು ಬೇರೆ: ತಲೆಯ ಮೇಲೆ ಬಿಳಿ ಬಟ್ಟೆ ಹೊದ್ದಿದ್ದರು, ನಿಮ್ಮ ಕಡೆಯ ಅಜ್ಜಿಯೆಂದು ನಾನು ದಾರಿ ಬಿಟ್ಟೆ. ನಮ್ಮವರು ಅವರವಳೆಂದರು, ಅವರು ನಮ್ಮವಳೆಂದರು. ನಾನು ಕೇಳಿದ್ದು ಗದಗ ಸೀಮೆಯ ಕನ್ನಡ. ಆದರೆ ಅವತ್ತು ಅಲ್ಲಿ ಗದಗ ಕಡೆಯ ವಯಸ್ಸಾದ ಹೆಂಗಸು ನನ್ನ ಅತ್ತೆ ಒಬ್ಬರೇ, ಅವರು ಆ ಹೊತ್ತಿನಲ್ಲಿ ಎಲ್ಲರ ಕಣ್ಣೆದುರು ಪಾಯಸ ಬಡಿಸುತ್ತಿದ್ದರು.

ಶ್ವೇತಾಳ ಗಂಡ ತೆಗೆದ ಇನ್ನೂರಕ್ಕೂ ಹೆಚ್ಚು ಫೋಟೋಗಳನ್ನು ಒಂದೊಂದಾಗಿ ನೋಡಿದೆವು. ಹನ್ನೆರಡು ಇಪ್ಪತ್ತರದು ಒಂದಿದೆ. ನಾನು ಎರಡೂ ಕೈ ಮುಂದೆ ಚಾಚಿ ನಗುತ್ತಿದ್ದೇನೆ. ನನ್ನ ಕೈಯಿಂದಾಚೆಗೆ ಯಾರದೋ ಭುಜ ಅಡ್ಡ ಬಂದಿದೆ. ಭುಜ ಶ್ವೇತಾಳದೇ, ಅವಳೇ ಒಪ್ಪಿದಳು. ಅದರ ಹಿಂದೆ ಏನಿತ್ತು ಎಂದು ಯಾವ ಫೋಟೋವೂ ಹೇಳುವುದಿಲ್ಲ.

ಎರಡು ವಾರದ ಮೇಲೆ ಚರ್ಚಿನ ಹಾಲಿನಲ್ಲಿ ಬಿಟ್ಟು ಬಂದಿದ್ದ ಪಾತ್ರೆ ತರಲು ಅತ್ತೆಯನ್ನೂ ಕೂಸನ್ನೂ ಕರೆದುಕೊಂಡು ಹೋದೆ. ಬಿಲ್ ಚರ್ಚಿನ ಹಳೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಕಾಯುತ್ತಿದ್ದರು. ಬೇಲಿಯಾಚೆಯ ಪಟ್ಟಿ ಅದರಲ್ಲಿ ಖಾಲಿ. ಸಮಾಧಿ ಪುಸ್ತಕದಲ್ಲೂ ಆ ಜಾಗದ ಒಂದು ಸಾಲಿಲ್ಲ. ಆದರೆ ತಮ್ಮ ಅಜ್ಜಿ ಹೇಳುತ್ತಿದ್ದ ಮಾತೊಂದಿದೆ ಎಂದರು. ದೀಕ್ಷಾಸ್ನಾನಕ್ಕೆ ಮೊದಲೇ ಸತ್ತ ಕೂಸುಗಳನ್ನು ಆ ಕಾಲದಲ್ಲಿ ಒಳಗೆ ಹೂಳಲು ಬಿಡುತ್ತಿರಲಿಲ್ಲವಂತೆ. ಸಂಜೆ ಹೊತ್ತು ತಾಯಂದಿರೇ ತಂದು ಬೇಲಿಯಾಚೆ ಇಟ್ಟು ಹೋಗುತ್ತಿದ್ದರಂತೆ. ಪ್ರಾರ್ಥನೆ ಇಲ್ಲ, ಕಲ್ಲಿಲ್ಲ, ಪುಸ್ತಕದಲ್ಲಿ ಹೆಸರಿಲ್ಲ. ಎಷ್ಟು ಮಕ್ಕಳೋ ಯಾರಿಗೂ ಗೊತ್ತಿಲ್ಲ. ನಿಜವೋ ಸುಳ್ಳೋ ನನಗೂ ಗೊತ್ತಿಲ್ಲ ಎಂದು ನಕ್ಷೆ ಸುತ್ತಿಟ್ಟರು.

ನಾನು ಇದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರ ಮುಖದ ರಕ್ತ ಇಳಿಯಿತು. ಕಾರಿನಲ್ಲಿ ಕುಳಿತ ಮೇಲೆ ಬಾಯಿಬಿಟ್ಟರು.

ಬೆಟಗೇರಿಯಲ್ಲಿ ಅವರ ಮನೆತನದ ಒಂದು ರೂಢಿ ಇದೆ. ಅಲ್ಲಿನ ಪಾದ್ರಿ ಅಯ್ಯನವರು ಎಷ್ಟು ಬೈದರೂ ಬಿಟ್ಟಿಲ್ಲ. ದೀಕ್ಷಾಸ್ನಾನದ ಹಿಂದಿನ ದಿನ ಮನೆಯ ಹಿರಿ ಹೆಂಗಸು ಸಮಾಧಿಗಳಿಗೆ ಹೋಗಿ ಹಿರಿಯರನ್ನು ಕರೆದು ಬರಬೇಕು, ನೆರೆಮನೆಯವರನ್ನು ಕರೆದ ಹಾಗೆ. ಶನಿವಾರ ನಾವು ಹಾಲಿನಲ್ಲಿ ಮೇಜು ಜೋಡಿಸುತ್ತಿದ್ದಾಗ ಅವರು ಹೊರಗೆ ಹೋಗಿದ್ದರು.

"ಇಲ್ಲೆ ನಮ್ಮವರು ಯಾರೂ ಮಣ್ಣಾಗಿಲ್ಲವ್ವಾ. ಯಾರನ್ನ ಕರೀಲಿ? ಇದ್ದವರನ್ನ ಕರದೆ. ಹೆಸರ ಓದಿ ಓದಿ ಕರದೆ."

"ಬೇಲಿ ಹತ್ರ?"

"ಅಲ್ಲೆ ಖಾಲಿ ಇತ್ತು. ಖಾಲಿ ಅಂದ್ರ ಯಾರೂ ಇಲ್ಲ ಅಂತೇನಲ್ಲ. ಕಲ್ಲಿಲ್ಲದವರಿಗೂ ಒಂದು ಮಾತ ಹೇಳೋಣು ಅಂತ ಹೇಳಿದೆ."

"ಏನಂದ್ರಿ ಅತ್ತಿ? ಸರಿಯಾಗಿ ಹೇಳ್ರಿ."

"ಏನಂತೀವಿ... ನಾಳೆ ನಮ್ಮ ಕೂಸಿನ ದೀಕ್ಷಾಸ್ನಾನ ಐತಿ, ಬರ್ರಿ, ಕೂಸಿನ್ನ ಎತ್ತಿಕೊಳ್ರಿ ಅಂದೆ."

ಮನೆಯವರೆಗೂ ಕಾರು ಓಡಿಸಿದೆ. ಬಂದ ಮೇಲೆ ಆಡಬಾರದ್ದನ್ನೆಲ್ಲ ಆಡಿದೆ. ನನ್ನ ಮಗಳನ್ನು ಹೆಣಗಳಿಗೆ ಹಂಚಿದಿರಿ ಎಂದೆ. ಇನ್ನು ನೀವು ಅವಳನ್ನು ಮುಟ್ಟಬೇಡಿ ಎಂದೆ. ಅನಿಲ ನಡುವೆ ಬಂದು, "ನಿನಗೇನ ತಲಿ ಕೆಟ್ಟೈತೇನು? ಇಂಗ್ಲಿಷ್ ಹೆಣಕ್ಕ ಬೆಟಗೇರಿ ಕನ್ನಡ ಹೆಂಗ ತಿಳೀತು?" ಎಂದ. ಅವನು ತಮಾಷೆಗೆ ಅಂದದ್ದು. ಆದರೆ ನನ್ನ ಕಿವಿಗೆ ಬಿದ್ದದ್ದು ಅದೇ ಕನ್ನಡ. ಅತ್ತೆ ತಮ್ಮ ಕೋಣೆಗೆ ಹೋದರು.

ನಂಬುವುದಿಲ್ಲ ಎನ್ನುವ ನಾನು, ನಂಬದ ಸಂಗತಿಗೆ ಒಬ್ಬ ಮುದುಕಿಯನ್ನು ಶಿಕ್ಷಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಎಂಟು ವಾರ ನಾನು ರೂತಳನ್ನು ಅವರ ಕೈಗೆ ಕೊಡಲಿಲ್ಲ. ಸ್ನಾನದ ಮನೆಗೆ ಹೋದರೂ ತೊಟ್ಟಿಲಿನಂಥ ಬುಟ್ಟಿಯಲ್ಲಿ ಜೊತೆಗೆ ಒಯ್ಯುತ್ತಿದ್ದೆ. ಅವರು ಅಡುಗೆ ಮಾಡುತ್ತಿದ್ದರು, ಬಟ್ಟೆ ಮಡಚುತ್ತಿದ್ದರು, ಕೂಸು ಅತ್ತಾಗ ಅಡುಗೆಮನೆಯಲ್ಲೇ ನಿಂತು ಕೈ ಒರೆಸಿಕೊಳ್ಳುತ್ತಿದ್ದರು. ಒಮ್ಮೆ ರೂತ್ ಅವರನ್ನು ನೋಡಿ ಕೇಕೆ ಹಾಕಿ ನಕ್ಕಾಗ ಅವರು ಕೈ ಹಿಂದೆ ಕಟ್ಟಿಕೊಂಡು ನಕ್ಕರು.

ನಿದ್ದೆ ನನಗಿರಲಿಲ್ಲ. ಮುಕ್ಕಾಲು ಗಂಟೆ ಕಣ್ಣು ಮುಚ್ಚಿದರೆ ಹೆಚ್ಚು. ಎದ್ದು ಅವಳ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಿದ್ದೆ, ಮೂವತ್ತಾರಕ್ಕೆ ಒಂದು ಹೆಚ್ಚು ಕಡಿಮೆಯಾದರೂ ಮತ್ತೆ ಮೊದಲಿನಿಂದ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ನಿದ್ದೆ ಬಂದೀತೆಂಬ ಹೆದರಿಕೆಗೆ ನುಂಗಲಿಲ್ಲ. ನೋಡಲು ಬಂದ ವಾರ್ಡಿನ ಗೆಳತಿ, ಮೆರೆ ಎಂಬ ಮಾವೊರಿ ಹೆಂಗಸು, ನಾನು ಹೇಳಿದ್ದನ್ನೆಲ್ಲ ಕೇಳಿ, ಆ ಕೈಗಳು ಎಲ್ಲಿಯವರೆಗೆ ಒದ್ದೆಯಾಗಿದ್ದವು ಎಂದು ಮಾತ್ರ ಕೇಳಿದಳು. ಸಮಾಧಿಗಳಿಂದ ಹೊರಬರುವಾಗ ನೀರಿನಲ್ಲಿ ಕೈ ತೊಳೆಯದೆ ಜೀವಂತರ ನಡುವೆ ಹೋಗಬಾರದು ಎಂಬುದು ಅವರ ನೇಮ. ಮೊಣಕೈವರೆಗೆ ಎಂದೆ. ಅವಳು ಚಹಾ ಕುಡಿದು ಮುಗಿಸಿ, ಹಾಗಾದರೆ ಯಾರೇ ಇರಲಿ, ಅವಳಿಗೆ ರೀತಿ ನೀತಿ ಗೊತ್ತಿತ್ತು ಎಂದಳು. ಅದು ಸಮಾಧಾನವೋ ಏನೋ ನನಗೆ ತಿಳಿಯಲಿಲ್ಲ.

ಈಗ ರೂತ್‌ಗೆ ಐದು ವರ್ಷ ತುಂಬುತ್ತಿದೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ. ನಾವು ಫ್ಲ್ಯಾಟ್ ಬುಷ್‌ಗೆ ಮನೆ ಬದಲಿಸಿದೆವು, ಬೇರೆ ಚರ್ಚಿಗೆ ಹೋಗುತ್ತೇವೆ. ಅತ್ತೆ ಹೋದ ವರ್ಷ ಬೆಟಗೇರಿಯಲ್ಲಿ ತೀರಿಕೊಂಡರು. ಆ ಹೆಂಗಸು ನನ್ನ ಮಗಳನ್ನು ನೀರಿಗೆ ಒಯ್ಯಲು ಬಂದು ಮನಸ್ಸು ಬದಲಿಸಿದಳೋ, ಯಾರೋ ಒಯ್ದದ್ದನ್ನು ತಡೆದು ಬಿಗಿಯಾಗಿ ಸುತ್ತಿಟ್ಟು ಕಾದಳೋ, ಅಥವಾ ಹೆಸರು ವಿಳಾಸ ಇರುವ, ಎಲ್ಲೋ ಬದುಕಿರುವ ಬಡಪಾಯಿ ಮುದುಕಿಯೋ, ನನಗೆ ಗೊತ್ತಿಲ್ಲ. ಅಂಗಿ ಯಾಕೆ ಬೇಕಿತ್ತು ಎಂಬುದನ್ನು ಮಾತ್ರ ಊಹಿಸಬಲ್ಲೆ. ಊಹಿಸಲು ಹೋಗುವುದಿಲ್ಲ.

ಅತ್ತೆಯ ಬಗ್ಗೆ ಇನ್ನೊಂದು ಮಾತು ಉಳಿದಿದೆ.

ಅವರ ವಿಮಾನ ಜೂನ್ ಕೊನೆಯ ಒಂದು ಬುಧವಾರ ಇತ್ತು. ಮಂಗಳವಾರ ಸಂಜೆ ನನಗೆ ಚಳಿಜ್ವರ ಏರಿತು. ಅನಿಲ ಪಾಳಿಗೆ ಹೋಗಿದ್ದ. ರೂತ್ ಅಳುತ್ತಿದ್ದಳು, ಎತ್ತಿಕೊಂಡರೆ ನನ್ನ ತೋಳು ಎಷ್ಟು ನಡುಗುತ್ತಿತ್ತೆಂದರೆ ಅವಳ ತಲೆ ಅಲ್ಲಾಡುತ್ತಿತ್ತು. ಅತ್ತೆ ಬಾಗಿಲಲ್ಲಿ ಬಂದು ನಿಂತರು. ಹೊಸ್ತಿಲು ದಾಟಲಿಲ್ಲ.

"ಕೆಡವತೀಯವ್ವಾ," ಎಂದರು. "ನನ್ನ ಮ್ಯಾಲಿನ ಸಿಟ್ಟು ನಾಳೆ ವಿಮಾನ ಹತ್ತೂತನ ಇರಲಿ, ಬ್ಯಾಡ ಅನ್ನಂಗಿಲ್ಲ. ಈಗ ಕೂಸು ಕೈ ತಪ್ಪತೈತಿ."

ನನ್ನ ಮಗಳಿಗೆ ನನ್ನ ಕೈಗಳೇ ಅಪಾಯವಾಗಿದ್ದವು. ಅವರ ಮುಖವನ್ನು ನೋಡಿದೆ, ಬಹಳ ಹೊತ್ತು ನೋಡಿದೆ. ಎಂಟು ವಾರದಲ್ಲಿ ಎಷ್ಟು ಇಳಿದುಹೋಗಿದ್ದರು. ಕೊಟ್ಟೆ. ಎಂಟು ಗಂಟೆಯಾಗಿರಬೇಕು. ಆಮೇಲಿನದು ನೆನಪಿಲ್ಲ.

ಕಣ್ಣು ತೆರೆದಾಗ ಕಿಟಕಿ ಬೆಳ್ಳಗಾಗಿತ್ತು, ಏಳು ಹತ್ತು. ಬೆವತು ಜ್ವರ ಬಿಟ್ಟಿತ್ತು. ಅತ್ತೆ ನನ್ನ ಮಂಚದ ಪಕ್ಕ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು, ರೂತ್ ತೊಡೆಯ ಮೇಲೆ ಮಲಗಿದ್ದಳು.

"ಎರಡ ಸಲ ಎದ್ದಿತ್ತು. ಹಾಲ ಕುಡಿಸೀನಿ. ನೀ ಕರದ್ರೂ ಏಳಲಿಲ್ಲ," ಎಂದರು. "ಎಲ್ಲಿ ಎದ್ದು ಹುಡಕತೀಯೋ ಅಂತ ಇಲ್ಲೇ ಕುಂತೆ."

ಅವರ ಕಾಲು ಜೋಮು ಹಿಡಿದು ಏಳಲಾಗಲಿಲ್ಲ. ನಾನು ಮಂಚದಿಂದ ಇಳಿದು ನೆಲದ ಮೇಲೆ ಕುಳಿತು ಅವರ ಮೀನಖಂಡ ತಿಕ್ಕಿದೆ. ಹನ್ನೊಂದಕ್ಕೆ ವಿಮಾನ. ದೀಕ್ಷಾಸ್ನಾನದ ಆ ಭಾನುವಾರದಿಂದ ಈಚೆಗೆ, ಆ ಬುಧವಾರದ ಬೆಳಿಗ್ಗೆಯೇ ನಾನು ಮೊದಲ ಸಲ ಇಡೀ ರಾತ್ರಿ ಮಲಗಿ ಎದ್ದದ್ದು.